ಬಾಡಿಗೆ ಕೈ ಮಾಡಿದ ನಮಸ್ಕಾರ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಶೇಖರ ಹಾಕಿದ ಕೂಗು ಎಂಥದ್ದೆಂದರೆ, ಪಕ್ಕದ ಬಟನ್ ಕಾರ್ಖಾನೆಯಲ್ಲಿದ್ದವರ ಅಂಗಿಗಳ ಗುಂಡಿಗಳೆಲ್ಲ ತಾವಾಗಿಯೇ ಬಿಚ್ಚಿಕೊಂಡಿರಬೇಕು.

"ಏಳು ಸಾವಿರದ ಎಂಟ್ನೂರು! ಮೂರು ದಿನಕ್ಕೆ ಬರೀ ಏಳು ಸಾವಿರದ ಎಂಟ್ನೂರು! ಎಂತದು ಮಾರಾಯ್ರೆ ಇದು? ಇಲ್ಲಿ ಯಾರಿಗೂ ಎಣಿಸ್ಲಿಕ್ಕೆ ಬರುದಿಲ್ವಾ?"

ಎಣಿಸಬೇಕಾದವನು ತಾನೇ ಎಂಬುದು ಉಡುಪಿಯ ಈ ಸೂಪರ್‌ವೈಸರಿಗೆ ಕೂಗುವ ಹೊತ್ತಿನಲ್ಲಿ ನೆನಪಿರುವುದಿಲ್ಲ. ಮೂರು ದಿನವೂ ಅವನು ಹೊಸ ಯಂತ್ರದ ಮುಂದೆ ನಿಂತು ಬಗೆಬಗೆಯಾಗಿ ಫೋಟೋ ತೆಗೆಸಿಕೊಂಡಿದ್ದ. ಕ್ರೇಟುಗಳನ್ನು ಮೊದಲ ಸಲ ಎಣಿಸಿದ್ದು ಇವತ್ತು ಬೆಳಿಗ್ಗೆ.

ನಾಗವ್ವ ಅಂಚು ಮಡಚುವ ಮೇಜಿನ ಮುಂದೆ ಕುಳಿತಿದ್ದಳು. ಅವನ ಮಾತು ಕೇಳಿ ಅವಳ ಕೈಯೊಳಗಿನ ಮುಚ್ಚಳ ಜಾರಿ ತೊಡೆಯ ಮೇಲೆ ಬಿತ್ತು. ಒಟ್ಟು ಹದಿನೈದು ಸಾವಿರ ಬೇಕು. ನಾಳೆ, ಶುಕ್ರವಾರ, ಸಂಜೆ ಆರೂವರೆಗೆ ಬಂದರಿಗೆ ಹೋಗುವ ಟೆಂಪೋ ಬಾಗಿಲಿಗೆ ಬರುತ್ತದೆ. ಅರ್ಧವೇ ಮುಗಿದಿದೆ ಅಂದರೆ ಮುಗಿಯಿತು ಕತೆ.

ಕಾಂದಿವಲಿಯ ಈ ಇಂಡಸ್ಟ್ರಿಯಲ್ ಎಸ್ಟೇಟಿನ ಏಳನೇ ಗಾಳಾದಲ್ಲಿ, ಅಂದರೆ ಶೆಡ್ಡಿನಲ್ಲಿ, ಸ್ಟೀಲ್ ಡಬ್ಬಿಗಳ ಮುಚ್ಚಳ ತಯಾರಾಗುತ್ತದೆ. ಮಾಲಕ ಅಣವೀರಪ್ಪ, ಬೆಳಗಾವಿಯವರು. ಅಮೆರಿಕದವರು ಸುಂಕ ಏರಿಸಿದ ದಿನದಿಂದ ಆ ಕಡೆಯ ಆರ್ಡರುಗಳು ಬೇಸಿಗೆಯ ನಲ್ಲಿಯ ಹಾಗೆ ಒಣಗಿದವು. ಮೂವತ್ತೆರಡು ಜನ ಇದ್ದಲ್ಲಿ ಒಂಬತ್ತು ಜನ ಉಳಿದರು. ನಾಗವ್ವನ ಜೊತೆ ಪ್ರೆಸ್ ಓಡಿಸುತ್ತಿದ್ದ ಗಂಡಸರು ಭಿವಂಡಿಯ ಗೋದಾಮು ಸೇರಿದರು. ಪಾಲಿಶ್ ಖೋಲಿಗೆ ಬೀಗ ಬಿತ್ತು. ಎಲ್ಲ ಮುಗಿಯಿತು ಅನ್ನುವಾಗ ಮಸ್ಕತ್ತಿನ ಒಬ್ಬ ವ್ಯಾಪಾರಿ ಹದಿನೈದು ಸಾವಿರ ಮುಚ್ಚಳ ಕೇಳಿದ, ಪಾಲಿಶ್ ಇಲ್ಲದ್ದು. ಹೇಳಿದ ದಿನಕ್ಕೆ ಪೂರ್ತಿ ಬಂದರೆ ಮುಂದಿನದು ಹೊಳೆಯುವ ಮುಚ್ಚಳ, ವರ್ಷಪೂರ್ತಿ. ಒಂದು ಕಡಿಮೆಯಾದರೂ ಹಡಗಿಗೆ ಹತ್ತಿಸುವುದಿಲ್ಲ.

ಜನ ಇಲ್ಲ, ದಿನ ಇಲ್ಲ. ಅದಕ್ಕೇ ಅಣವೀರಪ್ಪ ಒಂದು ರೋಬೋವನ್ನು ತಿಂಗಳ ಮಟ್ಟಿಗೆ ಬಾಡಿಗೆಗೆ ತಂದರು. ರೋಬೋ ಅಂದರೆ ಕಣ್ಣು ಮೂಗು ಇರುವ ಗೊಂಬೆ ಬರುತ್ತದೆಂದು ಎಲ್ಲರೂ ಕಾದಿದ್ದರು. ಬಂದದ್ದು ಒಂದೇ ಒಂದು ಬಿಳಿ ಕೈ. ಆನೆಯಿಂದ ಸೊಂಡಿಲನ್ನಷ್ಟೇ ಕಡ ತಂದ ಹಾಗೆ. ತುದಿಯಲ್ಲಿ ಗಾಳಿ ಎಳೆದು ತಗಡು ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು. ದುಂಡು ತಗಡನ್ನು ಎತ್ತಿ ಪ್ರೆಸ್ಸಿನ ಅಚ್ಚಿನೊಳಗೆ ಇಡುವುದು, ಒತ್ತಿ ಬಂದ ಮುಚ್ಚಳವನ್ನು ತೆಗೆದು ಕ್ರೇಟಿಗೆ ಹಾಕುವುದು, ಇಷ್ಟು ಅದರ ಕೆಲಸ. ಅದು ಪ್ರೆಸ್ ನೋಡಿಕೊಂಡರೆ ಉಳಿದ ಒಂಬತ್ತು ಜನ ಅಂಚು ಮಡಚಿ, ಒರೆಸಿ, ಪ್ಯಾಕ್ ಮಾಡಬಹುದು.

ನಾಗವ್ವ ಇದರಲ್ಲಿ ಪಣಕ್ಕಿಟ್ಟದ್ದು ಗಂಡನ ಬೆನ್ನು. ಶಂಕ್ರೆಪ್ಪ ಆ ಬೀಗ ಬಿದ್ದ ಖೋಲಿಯಲ್ಲಿ ಇಪ್ಪತ್ತಾರು ವರ್ಷ ಪಾಲಿಶ್ ಮಾಡಿದವನು. ಈಗ ಅರವತ್ತರ ವಯಸ್ಸಿನಲ್ಲಿ ದಾದರಿನ ಮಾರ್ಕೆಟ್ಟಿನಲ್ಲಿ ತರಕಾರಿ ಬುಟ್ಟಿ ಹೊರುತ್ತಾನೆ. ಬಗ್ಗಿ ಬಗ್ಗಿ ಅವನ ಮೂಗು ಮೊಣಕಾಲಿನ ಜೊತೆ ಮಾತಾಡುವಷ್ಟು ಹತ್ತಿರ ಬಂದಿತ್ತು. ಇನ್ನೊಂದು ತಿಂಗಳು ಹೊತ್ತರೆ ಈತ ಏಳುವುದು ಕಷ್ಟ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು. ಮಾಲು ಪೂರ್ತಿ ಹೋದರೆ ಪಾಲಿಶ್ ಖೋಲಿ ತೆರೆಯುತ್ತದೆ. ಹೋಗದಿದ್ದರೆ ಗಾಳಾ ಮಾರಾಟ, ಶುಕ್ರವಾರ ಸಂಜೆಗೇ ದಲಾಲ ಗಿರಾಕಿಯನ್ನು ಕರೆತಂದು ತೋರಿಸುತ್ತಾನೆ. ಅಣವೀರಪ್ಪ ಆಗಲೇ ಅವನಿಗೆ ಮಾತು ಕೊಟ್ಟಾಗಿತ್ತು.

ಫೋನು ಹೋದೊಡನೆ, ಒಂಬತ್ತೂವರೆಗೆ, ರೋಬೋ ಕಂಪನಿಯ ಹುಡುಗಿ ಪ್ರಣೀತಾ ಓಡೋಡಿ ಬಂದಳು. ಸೋಮವಾರ ಯಂತ್ರ ಕೂರಿಸಿ ವಸಾಯಿಯ ಇನ್ನೊಂದು ಕೆಲಸಕ್ಕೆ ಹೋದವಳು ಮತ್ತೆ ಬಂದದ್ದು ಇವತ್ತೇ. ಮಂಗಳೂರು ಕಡೆಯವಳು, ಅಪ್ಪನದು ಮಲಾಡಿನಲ್ಲಿ ಹೋಟೆಲು. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ನಡುನಡುವೆ ಹಿಂದಿಯ ಊರುಗೋಲು ಬೇಕು.

ಅವಳು ಕೈಕಟ್ಟಿ ನಿಂತು ರೋಬೋ ನೋಡಿದಳು. ಅದು ತಗಡು ಕಚ್ಚಿಕೊಂಡಿತು. ಮೇಲೆ, ಮೇಲೆ ಎತ್ತಿತು. ಆಳೆತ್ತರದಲ್ಲಿ ಗಕ್ಕನೆ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ಇಳಿಸಿ ಪ್ರೆಸ್ಸಿಗೆ ಕೊಟ್ಟಿತು.

"ಅರೆ! ಇದು ಊಪರ್ ಯಾಕೆ ಹೋಗ್ತಿದೆ?"

"ಮೊದಲಿಂದ ಹಾಗೇ ಅಲ್ವಾ?" ಅಂದಳು ಪ್ಯಾಕಿಂಗಿನ ರಾಜೀವಿ. "ನಾವು ಅದನ್ನೇ ಮಾತಾಡಿಕೊಂಡದ್ದು, ಯಂತ್ರಕ್ಕೂ ಎಷ್ಟು ಭಕ್ತಿ ಉಂಟು ಅಂತ."

"ಭಕ್ತಿ?"

"ಹೌದು. ಪ್ರತಿ ಸಲ ಕೈ ಮುಗಿದೇ ಕೆಲಸ ಮಾಡ್ತದೆ. ನಮ್ಮ ಶೇಖರಣ್ಣ ವರ್ಷಕ್ಕೊಮ್ಮೆ ಮುಗಿಯುದು ಸಂಶಯ."

ಪ್ರಣೀತಾಳಿಗೆ ನಗು ಬರಲಿಲ್ಲ. "ಐದು ಸೆಕೆಂಡ್ ಹೆಚ್ಚು ತಗೊಳ್ತಿದೆ, ಹರ್ ಪೀಸ್! ಎಂಟರ ಕೆಲಸ ಹದಿಮೂರು ಆಗಿದೆ. ಜಾಯಿಂಟ್‌ದು ಪ್ರಾಬ್ಲಮ್ ಇರಬೇಕು. ಬಿಚ್ಚಿ ವರ್ಕ್‌ಶಾಪ್‌ಗೆ ಕಳಿಸಬೇಕು. ದೋ ದಿನ್..."

ಎರಡು ದಿನ ಎಂಬ ಮಾತು ಕೇಳಿ ಶೇಖರ ಸ್ಟೂಲಿನ ಮೇಲೆ ಕುಸಿದ. ಒಳಗಿನ ಆಫೀಸಿನಿಂದ ಅಣವೀರಪ್ಪ ಬಂದರು. ಅವರ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ದಲಾಲನಿದ್ದ.

ನಾಗವ್ವನಿಗೆ ಸೋಮವಾರ ಕಣ್ಣ ಮುಂದೆ ಬಂದಿತ್ತು.

ಸೋಮವಾರ ಪ್ರಣೀತಾ ಅವಳನ್ನು ಕರೆದು, "ಆಂಟಿ, ಇಲ್ಲಿ ನಿಮಗೊಬ್ಬರಿಗೇ ಪ್ರೆಸ್ ಗೊತ್ತು. ಇದರ ಮಣಿಕಟ್ಟಿನ ಗುಂಡಿ ಒತ್ತಿ ಹಿಡೀರಿ, ಕೈ ಸಡಿಲ ಆಗುತ್ತೆ. ನೀವು ಹೇಗೆ ಮಾಡ್ತೀರೋ ಬಿಲ್ಕುಲ್ ಹಾಗೇ ಒಂದು ಸಲ ಮಾಡಿ ತೋರಿಸಿ, ಇದು ಕಲಿಯುತ್ತೆ," ಅಂದಿದ್ದಳು. ಹಾಗೆಂದು ಲ್ಯಾಪ್‌ಟಾಪಿನ ವೈರು ಸಿಕ್ಕಿಸಲು ಮೇಜಿನ ಕೆಳಗೆ ಹೋಗಿದ್ದಳು. ನಾಗವ್ವ ತಾನು ಮಾಡುವ ಹಾಗೇ ಮಾಡಿದ್ದಳು. ದಿನದ ಮೊದಲ ತಗಡನ್ನು ಹಣೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಆಮೇಲೆ ಪ್ರೆಸ್ಸಿಗೆ ಇಡುವುದು. ಹದಿನೆಂಟು ವರ್ಷದಿಂದ ಹಾಗೇ. ಮೊದಲ ತಗಡಿಗೆ ಮಾತ್ರ. ಆದರೆ ಈ ಪೆದ್ದ ಕೈಗೆ ಮೊದಲನೆಯದು ಯಾವುದು, ಐದು ಸಾವಿರದ್ದು ಯಾವುದು ಎಲ್ಲಿ ಗೊತ್ತು? ಅದಕ್ಕೆ ಎಲ್ಲವೂ ಮೊದಲನೆಯದೇ.

ಹೇಳಿದರೆ ಸಾಹುಕಾರರು ಏನನ್ನುತ್ತಾರೋ. ಹೇಳದಿದ್ದರೆ ಯಂತ್ರವನ್ನು ಬಿಚ್ಚಿ ಒಯ್ಯುತ್ತಾರೆ. ಆ ಹೊತ್ತಿಗೆ ಪ್ರಣೀತಾ ಸ್ಪ್ಯಾನರ್ ತೆಗೆದೇಬಿಟ್ಟಳು.

"ತಡಿ ಯವ್ವಾ!" ನಾಗವ್ವ ಎದ್ದೇ ಬಂದಳು. "ಅದನ್ನ ಬಿಚ್ಚಬ್ಯಾಡ. ಅದಕ್ಕೇನೂ ರೋಗ ಇಲ್ಲ. ರೋಗ ನಂದು."

"ಅಂದ್ರೆ?"

"ಅದು ಮಾಡಾಕತ್ತಿದ್ದು ನಮಸ್ಕಾರನ. ನಾನ ಕಲಿಸಿದ್ದು. ನೀ ಹೆಂಗ ಮಾಡ್ತಿ ಹಂಗ ಮಾಡು ಅಂದಿ, ಮಾಡಿದ್ನಿ."

ಯಂತ್ರ ತನ್ನ ಪಾಡಿಗೆ ಇನ್ನೊಂದು ತಗಡು ಎತ್ತಿ ನಮಸ್ಕಾರ ಹೊಡೆಯಿತು.

"ಏಳು ಸಾವಿರದ ಎಂಟ್ನೂರು ಸಲ," ಅಂದ ಶೇಖರ. "ತಿರುಪತಿಯಲ್ಲೂ ಇಷ್ಟು ಕೈ ಮುಗಿಯುದಿಲ್ಲ ಮಾರಾಯ್ತಿ! ಮೂರು ದಿನದಿಂದ ಬಾಯಿ ಬಿಡ್ಲಿಕ್ಕೆ ಏನಾಗಿತ್ತು?"

"ನಿನಗೂ ಎರಡು ಕಣ್ಣ ಅದಾವಲ್ಲ ಶೇಖರಣ್ಣ. ಫೋಟೋದಾಗ ಚಲೋ ಬಿದ್ದಾವ."

ಅಣವೀರಪ್ಪ ಫೋನಿಗೆ, "ಆಮ್ಯಾಲೆ ಮಾಡ್ತೇನ್ರಿ," ಎಂದು ಹೇಳಿ ಇಟ್ಟರು. ನಾಗವ್ವನನ್ನು ನೋಡಿದರು. ಆ ನೋಟಕ್ಕೆ ಹಾಲು ಒಡೆಯುತ್ತಿತ್ತು. ಬೈಗಳನ್ನು ನುಂಗಿ ಪ್ರಣೀತಾಳ ಕಡೆ ತಿರುಗಿ, "ಆ ನಮಸ್ಕಾರ ಅಷ್ಟ ತೆಗೀಲಿಕ್ಕೆ ಬರ್ತದೇನವಾ?" ಎಂದು ಕೇಳಿದರು.

"ಹತ್ತು ಮಿನಿಟ್, ಅಂಕಲ್!"

ಹತ್ತು ಗಂಟೆಗೆ ಯಂತ್ರದ ಭಕ್ತಿ ಬಿಟ್ಟುಹೋಯಿತು. ತಗಡು ಎತ್ತಿ, ಅಡ್ಡಕ್ಕೆ ತಿರುಗಿ, ಸೀದಾ ಪ್ರೆಸ್ಸಿಗೆ. ಧಡ್. ಕ್ರೇಟಿಗೆ. ಮತ್ತೆ ಧಡ್. ಶೇಖರ ಈಗ ಎಂಟು ಸೆಕೆಂಡಿಗೊಮ್ಮೆ ಗಡಿಯಾರ ನೋಡಿ ಕತ್ತು ಉಳುಕಿಸಿಕೊಂಡ. ಹಿಂದಿನ ಬಿಲ್ಡಿಂಗಿನವರ ದೂರಿನಿಂದಾಗಿ ರಾತ್ರಿ ಎಂಟರ ಮೇಲೆ ಪ್ರೆಸ್ ಓಡಿಸುವಂತಿಲ್ಲ. ಆದರೂ ಇದೇ ಓಟ ಇದ್ದರೆ ನಾಳೆ ಸಂಜೆಯೊಳಗೆ ದಡ ಮುಟ್ಟಬಹುದಿತ್ತು.

ನಾಗವ್ವ ಮೇಜಿಗೆ ಮರಳಿದಳು, ಆದರೆ ಕಿವಿ ಪ್ರೆಸ್ಸಿನ ಕಡೆಯೇ ಇತ್ತು. ಏನೋ ಸರಿಯಿಲ್ಲ. ಏನೋ ಕಡಿಮೆಯಾಗಿದೆ. ಅಡಿಗೆಗೆ ಉಪ್ಪು ಹಾಕಿಲ್ಲ ಎಂದು ವಾಸನೆಯಲ್ಲೇ ಗೊತ್ತಾಗುತ್ತದಲ್ಲ, ಹಾಗೆ. ಹನ್ನೆರಡರ ಹೊತ್ತಿಗೆ ಶೇಖರ ತಗಡಿನ ಹೊಸ ಕಟ್ಟು ಬಿಚ್ಚಿ ಇಟ್ಟ. ಇದಕ್ಕೆ ಎಣ್ಣೆ ಧಾರಾಳ, ಮದುವೆ ಮನೆಯ ಬಜ್ಜಿಗಿಂತ ಹೆಚ್ಚು.

ಆಗ ಅವಳಿಗೆ ಹೊಳೆಯಿತು. ಮೂರು ದಿನವೂ ಆಗಾಗ ಒಂದು ಸಣ್ಣ 'ಟಣ್' ಕೇಳುತ್ತಿತ್ತು. ಯಂತ್ರ ಜೋರಾಗಿ ಮೇಲೆತ್ತಿ ಗಕ್ಕನೆ ನಿಂತಾಗ ಏನೋ ಕೆಳಗೆ ಬೀಳುತ್ತಿತ್ತು. ಹತ್ತು ಗಂಟೆಯಿಂದ ಆ ಸದ್ದಿಲ್ಲ.

ಎಣ್ಣೆಯ ತಗಡು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕೈಯಿಂದ ಎತ್ತುವವರು ಹೆಬ್ಬೆರಳಿನಿಂದ ಅಂಚು ಸವರಿ ಬಿಡಿಸುತ್ತಾರೆ. ಯಂತ್ರಕ್ಕೆ ಹೆಬ್ಬೆರಳೆಲ್ಲಿದೆ? ಇಷ್ಟು ದಿನ ಆ ನಮಸ್ಕಾರದ ಕುಲುಕಾಟಕ್ಕೇ ಎರಡನೆಯ ತಗಡು ಕಳಚಿ ಬೀಳುತ್ತಿತ್ತು! ಹತ್ತರಿಂದ ಈವರೆಗೆ ಬಚಾವಾದದ್ದು ಹಿಂದಿನ ಕಟ್ಟಿನಲ್ಲಿ ಎಣ್ಣೆ ಕಡಿಮೆ ಇದ್ದದ್ದಕ್ಕೆ.

ಅವಳು ತಿರುಗಿ ನೋಡಿದಳು. ಬಿಳಿ ಕೈ ಒಂದು ತಗಡು ಎತ್ತಿತ್ತು. ಅದರ ಅಂಚು ದಪ್ಪಗಿತ್ತು. ಒಂದಲ್ಲ, ಎರಡು. ಎರಡು ತಗಡು ಒಟ್ಟಿಗೆ ಅಚ್ಚಿಗೆ ಹೋದರೆ ಅಚ್ಚು ಬಿರಿಯುತ್ತದೆ. ಇಂಥ ಅಚ್ಚು ಇರುವುದು ಒಂದೇ. ಹೊಸದಕ್ಕೆ ಮೂರು ವಾರ.

"ನಿಲ್ಸೋ! ನಿಲ್ಸೋ ಶೇಖರಾ!"

ಶೇಖರ ಹೆದರಿ ತನ್ನ ಫೋನ್ ನಿಲ್ಲಿಸಿದ. ನಾಗವ್ವ ಮೇಜು ದಾಟಿದಳೋ ಹಾರಿದಳೋ, ನೋಡಿದವರು ಇವತ್ತಿಗೂ ಜಗಳಾಡುತ್ತಾರೆ. ಕ್ರೇಟು ಉರುಳಿತು. ಕೈ ತಗಡನ್ನು ಅಚ್ಚಿನ ಮೇಲೆ ಬಿಟ್ಟು ಹಿಂದೆ ಸರಿಯಿತು. ಪ್ರೆಸ್ ಇಳಿಯತೊಡಗಿತು. ಅವಳು ಕಂಬದ ಕೆಂಪು ಗುಂಡಿಗೆ ಮೊಣಕೈಯಿಂದ ಗುದ್ದಿದಳು.

ಪ್ರೆಸ್ ಕರ್ರೆಂದು ನಿಂತಿತು. ಅಚ್ಚಿಗೂ ಅದಕ್ಕೂ ನಡುವೆ ನಾಲ್ಕು ಬೆರಳಿನ ಜಾಗವಿತ್ತು.

ಪ್ರಣೀತಾ ಓಡಿ ಬಂದು ತಗಡನ್ನು ಎಳೆದಳು. ಅದು ಎರಡಾಗಿ ಬಿಡಿಸಿಕೊಂಡಿತು. ಅವಳ ಮುಖ ಸುಣ್ಣ ಬಳಿದ ಗೋಡೆ. "ಇದಕ್ಕೆ ಡಬಲ್ ನೋಡೋ ಸೆನ್ಸರ್ ಬೇಕಿತ್ತು. ನಾನು ಕೇಳಲೇ ಇಲ್ಲ. ಸಾರಿ ಅಂಕಲ್. ತರಿಸೋಕೆ ಸೋಮವಾರ ಆಗುತ್ತೆ."

ಪ್ರೆಸ್ ಮೇಲೆತ್ತಿ, ಅಚ್ಚು ಒರೆಸಿ, ಟಾರ್ಚು ಹಾಕಿ ಕೂದಲಷ್ಟೂ ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಹೊತ್ತಿಗೆ ಒಂದು ಗಂಟೆ ದಾಟಿತು. ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ.

"ಪುನಃ ಆ ನಮಸ್ಕಾರವೇ ಹಾಕುವ," ಅಂದ ಶೇಖರ. "ಸಾವಿರ ಸಾವಿರದೈನೂರು ಕಡಿಮೆ ಬೀಳ್ತದೆ. ಕಾಲು ಹಿಡಿಯುವ ಅವರದ್ದು."

"ಕಾಲು ಮಸ್ಕತ್ತಿನ್ಯಾಗ ಅದಾವ," ಎಂದರು ಅಣವೀರಪ್ಪ. "ಕಡಿಮಿ ಇದ್ರ ತಗೊಳ್ಳೂದಿಲ್ಲ ಅಂದಾರ. ಹೋಗ್ಲಿ ಬಿಡೋ ಶೇಖರಾ. ದಲಾಲಗ ಇವತ್ತ ಬಾ ಅಂತೀನಿ. ನಾಳೆತನಕಾ ಯಾಕ ಒದ್ದಾಡೂದು?"

ಅವರ ಬೆರಳು ಫೋನಿನ ಮೇಲಿತ್ತು. ನಾಗವ್ವನಿಗೆ ಕಂಡದ್ದು ದಾದರಿನ ಮೆಟ್ಟಿಲು, ಅದರ ಮೇಲೆ ಕೋಸಿನ ಬುಟ್ಟಿ, ಬುಟ್ಟಿಯ ಕೆಳಗೆ ಗಂಡ.

"ಸಾಹುಕಾರ್ರ, ಒಂದ ತಾಸ ಕೊಡ್ರಿ."

"ಏನ್ ಮಾಡ್ತಿ?"

"ಈ ಹುಡುಗಿ ಹಪ್ಪಳ ತಿಂದಾಳ ಅಷ್ಟ, ಮಾಡಿಲ್ಲ. ಅದ ನೋಡ್ರಿ ತಪ್ಪಾದದ್ದು. ಹಸಿ ಹಪ್ಪಳ ಎರಡ ಹತ್ತಿದ್ರ ಎತ್ತರಕ್ಕ ಎತ್ತಿ ಬಿಡಸ್ತಾರೇನು? ಒಂದ ಅಂಚ ಅಷ್ಟ ಎತ್ತೂದು, ಹಿಂಗ ಝಾಡಸೂದು. ಕೆಳಗಿಂದು ತಾನ ಬಿಡತೈತಿ. ಯಾಕ ಯವ್ವಾ, ನಿನ್ನ ಯಂತ್ರದ ಕೈಗೆ ಮಣಿಕಟ್ಟ ಅಂತೂ ಐತಲ್ಲ?"

ಪ್ರಣೀತಾ ಒಂದು ಗಳಿಗೆ ಯೋಚಿಸಿದಳು. "ಇದೆ. ಟಿಲ್ಟ್ ಮಾಡಬಹುದು. ಆದರೆ ಆಂಟಿ, ಈ ಸಲ ಕುಚ್ ಎಕ್ಸ್‌ಟ್ರಾ ಬೇಡ. ದಯವಿಟ್ಟು."

"ಹಂಗಾದ್ರ ಮೊದಲಿನ ತಗಡ ನನಗ ಕೊಡು. ನನ್ನ ದೇವ್ರಿಗೆ ನಾನ ಮುಗೀತೀನಿ. ಆಮ್ಯಾಲೆ ನಿನ್ನ ಯಂತ್ರ."

ಅವಳು ಮುಗಿದಳು. ಈ ಸಲ ಸುತ್ತ ನಿಂತಿದ್ದ ಎಲ್ಲರ ಕೈಗಳೂ ತಾವಾಗಿಯೇ ಜೋಡಿಸಿಕೊಂಡವು, ಶೇಖರನದೂ.

ಆಮೇಲೆ ಬಿಳಿ ಮಣಿಕಟ್ಟನ್ನು ಹಿಡಿದಳು. ಗುಂಡಿ ಒತ್ತಿದೊಡನೆ ಅದು ನಿದ್ದೆ ಬಂದ ಮಗುವಿನ ಕೈಯಂತೆ ಸಡಿಲವಾಯಿತು. ಮೊದಲ ಸಲ ಝಾಡಿಸಿದಾಗ ಎರಡೂ ತಗಡು ಅಂಟಿಕೊಂಡೇ ಮೇಲೆ ಬಂದವು. ಎರಡನೆಯ ಸಲ ಎರಡೂ ಬಿದ್ದವು. ಒಂದು ಶೇಖರನ ಕಾಲ ಮೇಲೆ ಬಿತ್ತು. ಅವನು ಕುಣಿದ ಕುಣಿತಕ್ಕೆ ಭೂಮಿ ನಡುಗಿತು, ಆದರೆ ಯಾರೂ ನಗಲಿಲ್ಲ. ಎರಡಕ್ಕೆ ಹತ್ತು ನಿಮಿಷ ಇತ್ತು. ನಾಗವ್ವನ ಅಂಗೈ ಬೆವರಿತ್ತು. ಸೆರಗಿಗೆ ಒರೆಸಿಕೊಂಡು, ಯಂತ್ರವನ್ನು ಮರೆತು, ಕಟ್ಟೆಯ ಮೇಲೆ ಹಪ್ಪಳ ಹರವಿಕೊಂಡು ಕುಳಿತಿದ್ದೇನೆ ಅಂದುಕೊಂಡಳು. ಒಂದು ಅಂಚು ಎತ್ತಿದಳು. ತಡೆದಳು. ಮಣಿಕಟ್ಟನ್ನು ಒಳಗೆ ಚಿಮ್ಮಿದಳು.

ಟಣ್.

ಕೆಳಗಿನದು ರಾಶಿಯ ಮೇಲೆ ಬಿತ್ತು. ಮೇಲಿನದು ಬಟ್ಟಲಿನಲ್ಲೇ ಉಳಿಯಿತು.

"ಇಟ್ಟಕೋ ಇದನ್ನ!" ಎಂದು ಕೂಗಿದಳು ನಾಗವ್ವ. "ಇಟ್ಟಕೋ ಯವ್ವಾ, ಮತ್ತ ನನಗ ಬರ್ತೈತೋ ಇಲ್ಲೋ!"

ಪ್ರಣೀತಾ ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡಳು. ಬೇಕೆಂದೇ ಎಣ್ಣೆ ಮೆತ್ತಿದ ಮೂವತ್ತು ತಗಡುಗಳನ್ನು ಪ್ರೆಸ್ ಬಂದ್ ಮಾಡಿ ಎತ್ತಿಸಿ ನೋಡಿದರು. ಮೂವತ್ತೂ ಒಂದೊಂದಾಗಿ ಬಂದವು. ಎಂಟರ ಬದಲು ಒಂಬತ್ತು ಸೆಕೆಂಡು. "ಮುಗೀತದ. ಅಗದೀ ಕಟಾಕಟಿ ಮುಗೀತದ," ಎಂದರು ಅಣವೀರಪ್ಪ, ಕಾಗದದ ಮೇಲೆ ಪೆನ್ನು ಒತ್ತಿ. "ಆದ್ರ ಇನ್ನ ಒಂದ ಗಳಿಗಿನೂ ನಿಂದರೂ ಹಂಗಿಲ್ಲ. ಮತ್ತ ಆ ಕೆಂಪು ಗುಂಡಿ ಹತ್ರ ಒಬ್ರು ಕಣ್ಣ ಮಿಟುಕಿಸದ ಕೂಡಬೇಕು."

"ನಾ ಕೂಡ್ತೀನಿ," ಅಂದಳು ನಾಗವ್ವ.

"ನಿನ್ನ ಅಂಚು ಮಡಚುದು ಯಾರು?" ಅಂದ ಶೇಖರ.

ಎಲ್ಲರೂ ಅವನನ್ನೇ ನೋಡಿದರು.

ಹೀಗೆ ಉಡುಪಿಯ ಸೂಪರ್‌ವೈಸರ್, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಹೆಂಗಸರ ಸಾಲಿನಲ್ಲಿ ಕುಳಿತು ಮುಚ್ಚಳದ ಅಂಚು ಮಡಚಿದ. ರಾಜೀವಿ ಅವನ ಎಂಟನೇ ಮುಚ್ಚಳ ನೋಡಿ, "ಇದು ಮುಚ್ಚಳವಾ, ಪತ್ರೊಡೆಯಾ?" ಎಂದು ಕೇಳಿದಳು. ಅವನು ಒಂಬತ್ತನೆಯದನ್ನು ಎತ್ತಿಕೊಂಡ. ಅವನಿಗೂ ಹೆಂಡತಿ ಮಕ್ಕಳಿದ್ದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಪ್ರೆಸ್ ಶುರುವಾಯಿತು. ನಾಗವ್ವ ಸ್ಟೂಲಿನ ಮೇಲೆ, ಕೈ ಕೆಂಪು ಗುಂಡಿಯ ಮೇಲೆ. ಊಟವನ್ನು ರಾಜೀವಿಯೇ ತುತ್ತು ಮಾಡಿ ಬಾಯಿಗಿಟ್ಟಳು. ಮೂರು ಗಂಟೆಗೆ ಸಾವಿರದ ಇನ್ನೂರು ಉಳಿದಿತ್ತು. ನಾಲ್ಕೂವರೆಗೆ ಆರುನೂರು. ಐದಕ್ಕೆ ಗಾಳಿ ಎಳೆಯುವ ಪೈಪು ಸೋರಿ ತಗಡು ಕೆಳಗೆ ಬಿತ್ತು. ಪ್ರಣೀತಾ ತನ್ನ ಕೂದಲಿನ ರಬ್ಬರ್ ಬ್ಯಾಂಡ್ ಕಿತ್ತು ಪೈಪಿಗೆ ಸುತ್ತಿದಳು. ಏಳು ನಿಮಿಷ ಹೋಯಿತು. ಆ ಏಳು ನಿಮಿಷದಲ್ಲಿ ಅಣವೀರಪ್ಪನವರ ತಲೆಯಲ್ಲಿ ಉಳಿದಿದ್ದ ಕರಿ ಕೂದಲೂ ಬೆಳ್ಳಗಾಯಿತು.

ಐದೂ ಮುಕ್ಕಾಲಿಗೆ ದಲಾಲ ಬಂದೇಬಿಟ್ಟ. ಜೊತೆಗೆ ಬಿಳಿ ಶೂ ಹಾಕಿದ ಗಿರಾಕಿ. ಗಿರಾಕಿ ಗೋಡೆಯನ್ನು ಗೇಣು ಹಾಕಿ ನೋಡಿದ, ಬೀಗ ಹಾಕಿದ ಪಾಲಿಶ್ ಖೋಲಿಯ ಬಾಗಿಲು ತಟ್ಟಿ, "ಯೇ ದೀವಾರ್ ತೋಡ್ ದೇಂಗೇ," ಎಂದು ಗೋಡೆ ಒಡೆಸುವ ಮಾತಾಡಿದ. ನಾಗವ್ವ ತಿರುಗಿ ನೋಡಲಿಲ್ಲ. ತಿರುಗಿದರೆ ಕಣ್ಣು ಮಿಟುಕಿಸಬೇಕಾಗುತ್ತದೆ. ಅವಳಿಗೆ ಕೇಳುತ್ತಿದ್ದದ್ದು ಎರಡೇ, ಎಣ್ಣೆ ಅಂಟಿದಲ್ಲಿ ಟಣ್, ಆಮೇಲೆ ಧಡ್.

"ಐವತ್ತು," ಅಂದ ಶೇಖರ. ಆಮೇಲೆ, "ಇಪ್ಪತ್ತು." ಆಮೇಲಿನದನ್ನು ಬೆರಳಿನಲ್ಲೇ ಎಣಿಸಿ ತೋರಿಸಿದ.

ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ ಕೊನೆಯ ಮುಚ್ಚಳ ಕ್ರೇಟಿಗೆ ಬಿತ್ತು. ಅಂಚು ಮಡಚಿ, ಒರೆಸಿ, ಪೆಟ್ಟಿಗೆಗೆ ಟೇಪು ಹಚ್ಚುವಾಗ ಟೆಂಪೋದ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಒಂಬತ್ತು ಜನ, ಪ್ರಣೀತಾ, ಸಾಹುಕಾರರು, ಎಲ್ಲರೂ ಸೇರಿ ಪೆಟ್ಟಿಗೆ ದಾಟಿಸಿದರು. ಗಿರಾಕಿಯ ಕೈಗೂ ರಾಜೀವಿ ಒಂದು ಪೆಟ್ಟಿಗೆ ಕೊಟ್ಟುಬಿಟ್ಟಳು. ಅವನು ಗೊತ್ತಾಗದೆ ಅದನ್ನೂ ಹೊತ್ತು ಟೆಂಪೋಕ್ಕೆ ಇಟ್ಟು ಬಂದ.

ಟೆಂಪೋ ತಿರುವು ದಾಟಿದ ಮೇಲೆ ಅಣವೀರಪ್ಪ ಮುಖ ಒರೆಸಿಕೊಂಡು ದಲಾಲನಿಗೆ ಕೈ ಜೋಡಿಸಿದರು. "ಗಾಳಾ ಕೊಡೂದಿಲ್ರಿ. ಚಹಾ ಕುಡದು ಹೋಗ್ರಿ." ಆಮೇಲೆ ಸೊಂಟದ ಬೀಗದ ಕೈಗಳ ಗೊಂಚಲು ಬಿಚ್ಚಿ, ಅದರಲ್ಲೊಂದನ್ನು ಕಿತ್ತು ನಾಗವ್ವನ ಮುಂದೆ ಹಿಡಿದರು. "ಖೋಲಿ ಕಸ ಹೊಡಸು. ಸೋಮವಾರ ಶಂಕ್ರೆಪ್ಪಗ ಬರಾಕ ಹೇಳು. ಈ ಬಾಡಿಗಿ ಕೈ ಇನ್ನ ಇಲ್ಲೇ ಇರ್ತದ."

ನಾಗವ್ವ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಫೋನ್ ಹಚ್ಚಿದಳು. ಆ ಕಡೆ ದಾದರ್ ಸ್ಟೇಷನ್ನಿನ ಗದ್ದಲದಲ್ಲಿ ಮೊದಲು ಗಂಡನ ಉಸಿರಷ್ಟೇ ಕೇಳಿತು.

"ಹೋತೇನ ಮಾಲು?"

"ಹೋತು. ನಾಳೆ ಬುಟ್ಟಿ ಹೊರಬ್ಯಾಡ. ಸೋಮವಾರದಿಂದ ಪಾಲಿಶ್."

ಶಂಕ್ರೆಪ್ಪನ ಕಡೆ ಒಂದು ಲೋಕಲ್ ರೈಲು ಬಂದು ಹೋಯಿತು.

"ಆ ಯಂತ್ರ ದಿನಕ್ಕ ಎಷ್ಟ ಮುಚ್ಚಳಾ ಮಾಡತೈತಲೇ?"

"ನಾಕ ಸಾವಿರ."

"ನಾಕ ಸಾವಿರ!" ಅಂದ ಅವನು. "ಅಷ್ಟ ನಾ ಒಬ್ಬನ ಹೆಂಗ ಪಾಲಿಶ್ ಮಾಡ್ಲಿ? ನನ್ನ ಕೈ ಏನ ಬಾಡಿಗೀದೇನು?"

"ಒಬ್ಬನ ಯಾಕ?" ನಾಗವ್ವ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಹೇಳಿದಳು. "ಖೋಲಿಯೊಳಗ ನಿನ್ನ ಸಂಗಾಟ ಇದ್ದ ಸಂಗಪ್ಪ ಅಲ್ಲೇ ಬುಟ್ಟಿ ಹೊರಾಕತ್ತಾನಲ್ಲ, ಅವನ್ನೂ ಕರಕೊಂಡ ಬಾ. ಸಾಹುಕಾರ್ರಿಗೆ ನಾ ಒಳಗ ಹೋಗಿ ಈಗ ಹೇಳ್ತೀನಿ. ಇವತ್ತ ಅವರು ನನಗ ಇಲ್ಲ ಅನ್ನೂ ಹಂಗಿಲ್ಲ."